ತಪ್ಪು ಕಂಡಿಲ್ಲ, ತಪ್ಪಿಲ್ಲ

ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎನ್ನುವಂತಿಲ್ಲ ಎಂಬುದು ಬಿ.ಕಾಂ.ನ ಆರಂಭದ ಪಾಠಗಳಲ್ಲೊಂದು. ಒಂದು ವ್ಯವಹಾರ ಪುಸ್ತಕಕ್ಕೇ ಬಾರದೆ ಉಳಿದಿರಬಹುದು. ರಾಮಣ್ಣನ ಖಾತೆಗೆ ಬರೆಯಬೇಕಾದದ್ದು ಭೀಮಣ್ಣನ ಖಾತೆಗೆ ಹೋಗಿರಬಹುದು. ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿದೂಗಿಸಿರಬಹುದು. ‘ತಪ್ಪು ಕಂಡಿಲ್ಲ’ ಮತ್ತು ‘ತಪ್ಪಿಲ್ಲ’ ಎಂಬ ಎರಡು ಮಾತುಗಳ ನಡುವಿನ ಅಂತರದಲ್ಲೇ ನಮ್ಮ ವೃತ್ತಿ ಬದುಕಿದೆ.

ಇದೇ ಅಂತರವನ್ನು ಪ್ರೋಗ್ರಾಂ ಬರೆಯುವವರಿಗೆ ಜೀವನವಿಡೀ ನೆನಪಿಸಿದವರು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ (1930–2002). ಅತಿ ಹತ್ತಿರದ ದಾರಿ ಹುಡುಕುವ ಅವರ ಅಲ್ಗಾರಿದಂ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕೆಫೆಯಲ್ಲಿ, ಕಾಗದ ಪೆನ್ಸಿಲಿಲ್ಲದೆ, ಸುಮಾರು 20 ನಿಮಿಷದಲ್ಲಿ ಹೊಳೆದದ್ದು. ದೂರ ಇನ್ನೂ ನಿಶ್ಚಯವಾಗದ ಊರುಗಳಲ್ಲಿ ಅತಿ ಹತ್ತಿರದ್ದನ್ನು ಆರಿಸಿ ಅದರ ದೂರವನ್ನು ನಿಶ್ಚಯಿಸುವುದು, ಅಲ್ಲಿಂದ ಮುಂದಕ್ಕೆ ಹೋಗುವುದು, ಇಷ್ಟೇ. ಯಾವ ರಸ್ತೆಯ ಉದ್ದವೂ ಸೊನ್ನೆಗಿಂತ ಕಡಿಮೆಯಿಲ್ಲದ ಕಾರಣ, ಇನ್ನೂ ದೂರದ ಊರನ್ನು ಬಳಸಿ ಬಂದು ಆ ಊರನ್ನು ಬೇಗ ತಲುಪಲಾಗದು. ಈ ಒಂದು ಕಾರಣ ಜಗತ್ತಿನ ಎಲ್ಲ ನಕ್ಷೆಗಳಿಗೂ ಸಾಕು. ಸಾವಿರ ನಕ್ಷೆಗಳ ಮೇಲೆ ಓಡಿಸಿ ನೋಡಿದರೂ ಅಂಥ ಧೈರ್ಯ ಸಿಗುವುದಿಲ್ಲ.

ಟೆಕ್ಸಾಸಿನಲ್ಲಿ ಪಾಠ ಮಾಡುತ್ತಿದ್ದಾಗ, 1988ರಲ್ಲಿ, ಅವರು ಪ್ರೋಗ್ರಾಮಿಂಗ್ ಕಲಿಸುವ ಬಗೆಯ ಕುರಿತು ಖಾರವಾದ ಲೇಖನವೊಂದನ್ನು ಬರೆದರು. ಮೊದಲ ಕೋರ್ಸಿನಲ್ಲಿ ವಿದ್ಯಾರ್ಥಿಗೆ ಪ್ರೋಗ್ರಾಂ ಓಡಿಸುವ ಅವಕಾಶವೇ ಇರಬಾರದು; ಅದು ಏಕೆ ಸರಿ ಎಂಬುದನ್ನು ಅವನು ಸಾಧಿಸಿ ತೋರಿಸಬೇಕು ಎಂದರು. ‘ಬಗ್’ ಎಂಬ ಪದವನ್ನೂ ಬಿಟ್ಟುಬಿಡಿ ಎಂದರು. ಹುಳ ಎಲ್ಲಿಂದಲೋ ತಾನಾಗಿ ಹರಿದು ಬರುತ್ತದೆ. ತಪ್ಪು ಹಾಗಲ್ಲ, ಅದು ಬರೆದವನ ಸೃಷ್ಟಿ.

ಕನ್ನಡದಲ್ಲೂ ಈ ಸೌಕರ್ಯವಿದೆ. ‘ತಪ್ಪು ಮಾಡಿದೆ’ ಎನ್ನುವುದಕ್ಕಿಂತ ‘ತಪ್ಪಾಯಿತು’ ಎನ್ನುವುದು ನಾಲಿಗೆಗೆ ಹಗುರ. ಕ್ರಿಯೆ ಉಂಟು, ಕರ್ತೃ ಇಲ್ಲ. ಮನೆಯೊಳಗೆ ಅದು ವಿನಯ. ಪರರ ಹಣ, ಮಾನ ಸೇರಿದ ಕಡೆ ಅದು ನುಣುಚಿಕೊಳ್ಳುವ ದಾರಿ.

ನಾನಿರುವ ಬ್ರಿಟನ್ನಿನಲ್ಲಿ ಇದಕ್ಕೆ ತೆತ್ತ ಬೆಲೆಯನ್ನು ಎಲ್ಲರೂ ಕಂಡಿದ್ದೇವೆ. 1999ರಿಂದ ಅಂಚೆ ಕಚೇರಿಗಳಿಗೆ ಬಂದ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ಇಲ್ಲದ ಕೊರತೆಯನ್ನು ತೋರಿಸಿತು. ಅದನ್ನೇ ನಂಬಿ ಆ ಕಚೇರಿಗಳನ್ನು ನಡೆಸುತ್ತಿದ್ದವರ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಮೊಕದ್ದಮೆ ಹೂಡಲಾಯಿತು. 2015ರ ತನಕ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು. ಜೈಲಿಗೆ ಹೋದವರಲ್ಲಿ ಒಬ್ಬ ಗರ್ಭಿಣಿಯೂ ಇದ್ದಳು. ಎದುರು ಸಾಕ್ಷ್ಯ ಬರುವವರೆಗೆ ಕಂಪ್ಯೂಟರ್ ಸರಿಯಾಗಿಯೇ ಇದೆ ಎಂದು ಭಾವಿಸುವುದು ಇಲ್ಲಿನ ಕಾನೂನು. ಸಾಮಾನ್ಯ ಅಂಗಡಿಯವನು ಆ ಸಾಕ್ಷ್ಯವನ್ನು ಎಲ್ಲಿಂದ ತಂದಾನು? ತಂತ್ರಾಂಶದಲ್ಲಿ ದೋಷಗಳಿದ್ದವೆಂದು 2019ರಲ್ಲಿ ಹೈಕೋರ್ಟ್ ಹೇಳಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿಯೇ ನೂರಾರು ತೀರ್ಪುಗಳನ್ನು ರದ್ದುಮಾಡಬೇಕಾಯಿತು. ಯಂತ್ರದ ತಪ್ಪಿಗೆ ಕರ್ತೃವಿಲ್ಲವೆಂದಾಗ ಕೌಂಟರಿನ ಹಿಂದೆ ಕೂತವರೇ ಕರ್ತೃಗಳಾದರು.

ಅದನ್ನು ಬರೆದವರಿಗೆ ಡೈಕ್‌ಸ್ಟ್ರಾ ಪಾಠ ಹೇಳಿದ್ದರೆ ಹೀಗಾಗುತ್ತಿರಲಿಲ್ಲ ಎನ್ನಲಾರೆ. ಅವರ ಕ್ರಮ ಅತಿಯಾಯಿತೆಂದು ಅವರ ಕಾಲದ ಅಧ್ಯಾಪಕರೇ ವಾದಿಸಿದರು. ಮಾಡಿ ನೋಡದೆ ಕೈ ಪಳಗುವುದಿಲ್ಲ, ನಿಜ. ಲಕ್ಷಾಂತರ ಸಾಲುಗಳ ತಂತ್ರಾಂಶ ಪೂರ್ತಿ ಸರಿಯೆಂದು ಸಾಧಿಸುವುದು ಸುಲಭವಲ್ಲ. ಆಡಿಟರ್ ಕೂಡ ಎಲ್ಲ ವೋಚರುಗಳನ್ನೂ ನೋಡುವುದಿಲ್ಲ, ಕೆಲವನ್ನು ಆರಿಸಿ ನೋಡುತ್ತಾನೆ. ಆದರೆ ತಾನು ಕೊಡುವುದು ಸಮಂಜಸ ಭರವಸೆಯೇ ಹೊರತು ಪೂರ್ಣ ಖಾತ್ರಿಯಲ್ಲ ಎಂದು ವರದಿಯಲ್ಲಿ ಬರೆದು, ಕೆಳಗೆ ಸಹಿ ಹಾಕುತ್ತಾನೆ. ಪರೀಕ್ಷೆ ಮಾಡುವುದು ಅನೀತಿಯಲ್ಲ. ‘ಕಂಡಿಲ್ಲ’ ಎಂಬುದನ್ನು ‘ಇಲ್ಲ’ ಎಂದು ತಿರುಗಿಸಿ, ಕೆಳಗೆ ಯಾರೂ ಸಹಿ ಹಾಕದಿರುವುದು ಅನೀತಿ.

ಇಂಗ್ಲೆಂಡಿನ ಶಾಲೆಗಳಲ್ಲಿ 2014ರಿಂದ ಐದಾರು ವರ್ಷದ ಮಕ್ಕಳಿಗೂ ಅಲ್ಗಾರಿದಂ ಎಂದರೇನೆಂದು ಕಲಿಸುತ್ತಾರೆ. ಬೆಂಗಳೂರಿನಲ್ಲೂ ಕೋಡಿಂಗ್ ತರಗತಿಗಳಿಗೆ ಬರವಿಲ್ಲ. ‘ಅಪ್ಪಾ, ನಡೀತಾ ಇದೆ ನೋಡು’ ಎಂದು ಮಗು ಕುಣಿಯುವಾಗ ಬೆನ್ನು ತಟ್ಟೋಣ. ಆಮೇಲೆ, ‘ಹೌದು ಪುಟ್ಟಾ, ಯಾಕೆ ನಡೀತಿದೆ?’ ಎಂದೂ ಕೇಳೋಣ. ಮುಂದೊಂದು ದಿನ ಆ ಮಗು ಬರೆದದ್ದನ್ನು ನಂಬಿ ನ್ಯಾಯಾಲಯ ಯಾರನ್ನೋ ಕಟಕಟೆಯಲ್ಲಿ ನಿಲ್ಲಿಸಬಹುದು.