ವಿದ್ಯಾದಾನಕ್ಕೆ ಅಂಕಗಳ ನಿಬಂಧನೆ: ಒಂದು ಧರ್ಮಚಿಂತನೆ

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ ಧರ್ಮದ ಆರಾಧನೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಮಹಿಮೆಯನ್ನು ಅಂದು ಬಸದಿಗಳಲ್ಲಿ ಸ್ಮರಿಸುವುದು ವಾಡಿಕೆ. ಈ ನಾಲ್ಕರಲ್ಲಿ ಶಾಸ್ತ್ರದಾನವು ಇಂದಿನ ಕಾಲದಲ್ಲಿ ಬಹುಮಟ್ಟಿಗೆ ವಿದ್ಯಾರ್ಥಿವೇತನದ ರೂಪವನ್ನು ತಳೆದಿದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅನ್ನ ಬಡಿಸಿದವರು ಉಂಡವನಿಂದ ಲೆಕ್ಕ ಕೇಳುವುದಿಲ್ಲ. ಔಷಧ ಕೊಟ್ಟವರು ರೋಗ ಇನ್ನೂ ವಾಸಿಯಾಗಲಿಲ್ಲವೆಂದು ಮರುದಿನದ ಔಷಧವನ್ನು ನಿಲ್ಲಿಸುವುದಿಲ್ಲ. ವಿದ್ಯಾದಾನ ಪಡೆದವರಿಗೆ ಮಾತ್ರ ಪ್ರತಿವರ್ಷವೂ ಒಂದು ಪರೀಕ್ಷೆ ಕಾದಿರುತ್ತದೆ: ಇಷ್ಟು ಅಂಕ ಬಂದರೆ ನೆರವು ಮುಂದುವರಿಯುತ್ತದೆ, ಬಾರದಿದ್ದರೆ ನಿಲ್ಲುತ್ತದೆ. ದಾನಕ್ಕೆ ಇಂತಹ ನಿಬಂಧನೆ ಸಲ್ಲುವುದೇ? ಸಲ್ಲುವುದಾದರೆ ಎಲ್ಲಿಯವರೆಗೆ?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಪ್ರತಿವರ್ಷ ಫಲಿತಾಂಶ ಪ್ರಕಟವಾದ ಬಳಿಕ ಅನೇಕ ಟ್ರಸ್ಟುಗಳ ಸಮಿತಿಗಳು ಅರ್ಜಿಗಳ ಕಟ್ಟನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಉತ್ತರವನ್ನು ಬರೆಯಲೇಬೇಕಾಗುತ್ತದೆ.

ಕಲ್ಲಿನಲ್ಲಿ ಉಳಿದ ದಾನ

ತಮಿಳುನಾಡಿನ ತೇನಿ ಜಿಲ್ಲೆಯ ಗೂಡಲೂರು ಕಂಬಂ ಕಣಿವೆಯ ದಕ್ಷಿಣದ ಅಂಚಿನಲ್ಲಿದೆ. ಅಲ್ಲಿಂದ ಕಂಬಂ ದಾಟಿ ಉತ್ತರಕ್ಕೆ ಸಾಗಿದರೆ ಉತ್ತಮಪಾಳೆಯಂ. ಅಲ್ಲಿನ ಬಂಡೆಯ ಮೇಲೆ ಒಂಬತ್ತು, ಹತ್ತನೆಯ ಶತಮಾನಗಳ ತೀರ್ಥಂಕರ ಉಬ್ಬುಶಿಲ್ಪಗಳೂ ವಟ್ಟೆಳುತ್ತು ಲಿಪಿಯ ಶಾಸನಗಳೂ ಇಂದಿಗೂ ಉಳಿದಿವೆ. ಮದುರೆಯ ಸುತ್ತಲಿನ ಬೆಟ್ಟಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಅಜ್ಜಣಂದಿ ಮುನಿಗಳ ಹೆಸರು ಇಲ್ಲಿಯೂ ಇದೆ. ನೆರೆಯ ದಿಂಡಿಗಲ್ ಜಿಲ್ಲೆಯಲ್ಲಿ, ಪಳನಿಯ ಸಮೀಪದ ಐವರ್‌ಮಲೈ ಬೆಟ್ಟದಲ್ಲಿ ಶಕವರ್ಷ 792ರ, ಅಂದರೆ ಕ್ರಿ.ಶ. 870ರ, ಒಂದು ಶಾಸನವಿದೆ. ಪಾಂಡ್ಯ ದೊರೆ ವರಗುಣನ ಕಾಲದಲ್ಲಿ ಗುಣವೀರರ ಶಿಷ್ಯರಾದ ಶಾಂತಿವೀರರು ಅಲ್ಲಿನ ಪಾರ್ಶ್ವನಾಥ ಹಾಗೂ ಯಕ್ಷಿಯರ ಬಿಂಬಗಳನ್ನು ಜೀರ್ಣೋದ್ಧಾರಗೊಳಿಸಿ, ಪೂಜೆಗೂ ಒಬ್ಬ ಮುನಿಯ ಆಹಾರಕ್ಕೂ 505 ಕಾಣಂ ಚಿನ್ನವನ್ನು ದತ್ತಿಯಾಗಿ ಬಿಟ್ಟರೆಂದು ಅದು ತಿಳಿಸುತ್ತದೆ.

ಈ ದತ್ತಿಗೂ ಉದ್ದೇಶವಿದೆ, ಮಿತಿಯಿದೆ. ಚಿನ್ನವನ್ನು ಬೇರಾವುದಕ್ಕೂ ಬಳಸುವಂತಿಲ್ಲ. ಆದ್ದರಿಂದ ನಿಬಂಧನೆಯೇ ದಾನಕ್ಕೆ ವಿರುದ್ಧವೆಂದು ಹೇಳಲಾಗದು. ಆದರೆ ಕನ್ನಡ ಮತ್ತು ತಮಿಳು ನಾಡುಗಳ ದತ್ತಿಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಶಾಸನದ ಕೊನೆಯಲ್ಲಿ ಬರುವ ಶಾಪಾಶಯದ ಮಾತುಗಳು ಸಾಮಾನ್ಯವಾಗಿ ದಾನವನ್ನು ಕೆಡಿಸುವವರನ್ನು ಎಚ್ಚರಿಸುತ್ತವೆ, ಪಡೆಯುವವರನ್ನಲ್ಲ. ನಿಬಂಧನೆಯ ಭಾರವನ್ನು ಪೂರ್ವಜರು ಮೊದಲು ಹೊರಿಸಿದ್ದು ದತ್ತಿಯನ್ನು ಕಾಯುವವರ ಹೆಗಲ ಮೇಲೆ.

ಇಂದಿನ ನಿಯಮಗಳು

ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರಕಾರ 2008ರಲ್ಲಿ ಆರಂಭಿಸಿದ ಯೋಜನೆಯಲ್ಲಿ ವರ್ಷಕ್ಕೆ 82,000ದವರೆಗೆ ಹೊಸ ವಿದ್ಯಾರ್ಥಿವೇತನಗಳಿಗೆ ಅವಕಾಶವಿದೆ. ಪದವಿ ಹಂತದಲ್ಲಿ ವರ್ಷಕ್ಕೆ 12,000 ರೂಪಾಯಿ. ಅದು ಮರುವರ್ಷಕ್ಕೆ ನವೀಕರಣವಾಗಬೇಕಾದರೆ ವಾರ್ಷಿಕ ಪರೀಕ್ಷೆಯಲ್ಲಿ ಕನಿಷ್ಠ ಶೇ. 50 ಅಂಕಗಳೂ ಶೇ. 75 ಹಾಜರಿಯೂ ಇರಬೇಕು. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ ಬಳಿಕ ಜೈನ ವಿದ್ಯಾರ್ಥಿಗಳಿಗೂ ತೆರೆದುಕೊಂಡ ಅಲ್ಪಸಂಖ್ಯಾತರ ಮೆಟ್ರಿಕ್ ನಂತರದ ವೇತನದಲ್ಲಿಯೂ ಹಿಂದಿನ ವರ್ಷದ ಶೇ. 50 ಅಂಕಗಳ ನಿಬಂಧನೆಯಿತ್ತು. ಖಾಸಗಿ ಟ್ರಸ್ಟುಗಳಲ್ಲಿ ಈ ಗೆರೆ ಶೇ. 60ಕ್ಕೋ 70ಕ್ಕೋ ಏರುವುದುಂಟು.

ಬೇರೊಂದು ಬಗೆಯ ಅಳತೆಯೂ ಇದೆ. ತಮಿಳುನಾಡು ಸರಕಾರ 2022ರ ಸೆಪ್ಟೆಂಬರ್ 5ರಂದು ಆರಂಭಿಸಿದ ಪುದುಮೈ ಪೆಣ್ ಯೋಜನೆಯು ಸರಕಾರಿ ಶಾಲೆಗಳಲ್ಲಿ 6ರಿಂದ 12ನೆಯ ತರಗತಿಯವರೆಗೆ ಓದಿ ಉನ್ನತ ಶಿಕ್ಷಣಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವ್ಯಾಸಂಗ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ನೀಡುತ್ತದೆ. ಅದು ಮುಖ್ಯವಾಗಿ ನೋಡುವುದು ಆಕೆ ಎಷ್ಟು ಅಂಕ ಪಡೆದಳೆಂಬುದನ್ನಲ್ಲ, ಓದನ್ನು ಮುಂದುವರಿಸಿದ್ದಾಳೆಯೇ ಎಂಬುದನ್ನು.

ನಿಬಂಧನೆಯ ಪಕ್ಷ

ಅಂಕಗಳ ನಿಬಂಧನೆಯನ್ನು ಸಮರ್ಥಿಸುವವರ ಮಾತಿನಲ್ಲಿಯೂ ಸತ್ಯವಿದೆ. ಟ್ರಸ್ಟಿನ ಹಣ ಯಾರೊಬ್ಬರ ಸ್ವಂತದ್ದಲ್ಲ. ಹುಂಡಿಗೆ ಹತ್ತು ರೂಪಾಯಿ ಹಾಕಿದ ಅಜ್ಜಿಯ ಶ್ರಮವೂ ಅದರಲ್ಲಿ ಸೇರಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನೂ ಅವಲಂಬಿಸಿ ಬದಲಾಗುತ್ತದೆಂದು ಹೇಳುವಾಗ ಪಡೆಯುವವರ ಯೋಗ್ಯತೆಯನ್ನು ಕೈಬಿಟ್ಟಿಲ್ಲ. ಓದಲು ಮನಸ್ಸಿಲ್ಲದವನಿಗೆ ಹಣ ಕೊಡುತ್ತಲೇ ಹೋದರೆ ಅದು ಕರುಣೆಯಾಗದು, ಪ್ರಮಾದಕ್ಕೆ ನೀರೆರೆದಂತೆ. ಇನ್ನೊಂದು ದೃಷ್ಟಿಯಿಂದ, ಏನನ್ನೂ ನಿರೀಕ್ಷಿಸದೆ ಕೊಡುವುದು ಪಡೆಯುವವರ ಶಕ್ತಿಯಲ್ಲಿ ನಂಬಿಕೆಯಿಲ್ಲವೆಂದು ಹೇಳಿದಂತೆಯೂ ಆಗಬಹುದು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಚಾವುಂಡರಾಯನ ಆಶ್ರಯವನ್ನು ಪಡೆದು, ಅಜಿತಸೇನಾಚಾರ್ಯರ ಬಳಿ ಓದಿ, ಕವಿಚಕ್ರವರ್ತಿಯಾದನು. ಅವನ ಗುರುಗಳೂ ಆಶ್ರಯದಾತರೂ ಅವನಿಂದ ಏನನ್ನೂ ನಿರೀಕ್ಷಿಸಿರಲಿಲ್ಲವೆಂದು ಊಹಿಸುವುದು ಕಷ್ಟ.

ಅಂಕವೆಂಬ ಒಂದು ನಯ

ಆದರೆ ಅಂಕಪಟ್ಟಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ಗೂಡಲೂರಿನ ಒಂದು ಕೂಲಿಕಾರ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ ದ್ರಾಕ್ಷಿ ಚಪ್ಪರದಡಿ ದುಡಿಯುತ್ತಾನೆ. ತಾಯಿ ಬೆಳಕು ಹರಿಯುವ ಮುನ್ನ ಜೀಪು ಹತ್ತಿ, ಘಟ್ಟವೇರಿ, ಕೇರಳದ ಏಲಕ್ಕಿ ತೋಟಕ್ಕೆ ಹೋಗುತ್ತಾಳೆ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗರಂತೆ ಈ ಮನೆಯ ಮಾತೂ ಕನ್ನಡ. ಇಂತಹ ಕುಟುಂಬಗಳ ನೆನಪು ಇಂದಿಗೂ ಕರ್ನಾಟಕದತ್ತ ಚಾಚಿಕೊಂಡಿದೆಯೆಂಬುದಕ್ಕೆ ಕಂಬಂನ ಮಹಿಳಾ ಕಾಲೇಜು ಆದಿಚುಂಚನಗಿರಿಯ ಹೆಸರನ್ನು ಹೊತ್ತಿರುವುದೇ ಸಾಕ್ಷಿ. ಆ ಮನೆಯ ಮಗಳು ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳಿನಲ್ಲಿ ಓದಿ, ಕಾಲೇಜಿನಲ್ಲಿ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಲೆಕ್ಕಶಾಸ್ತ್ರ ಕೇಳುತ್ತಾಳೆ. ಮನೆಯಲ್ಲಿ ಗುಜರಾತಿ ಅಥವಾ ಮಾರವಾಡಿ ಆಡಿ ಬೀದಿಯಲ್ಲಿ ತಮಿಳನ್ನೋ ಕನ್ನಡವನ್ನೋ ಕಲಿತ ಜೈನ ಮಕ್ಕಳಿಗೆ ಈ ಅನುಭವವನ್ನು ವಿವರಿಸಬೇಕಾಗಿಲ್ಲ.

ಒಂದು ಮಳೆಗಾಲದಲ್ಲಿ ತಾಯಿ ತೋಟದಲ್ಲಿ ಜಾರಿಬಿದ್ದು ಕಾಲು ಮುರಿದುಕೊಳ್ಳುತ್ತಾಳೆ. ಎರಡು ತಿಂಗಳು ಮಗಳು ಅವಳ ಬದಲಿಗೆ ಜೀಪು ಹತ್ತುತ್ತಾಳೆ. ವರ್ಷದ ಕೊನೆಗೆ ಹಾಜರಿ ಶೇ. 68, ಅಂಕ ಶೇ. 46. ಅದೇ ತರಗತಿಯ ಇನ್ನೊಬ್ಬ ವಿದ್ಯಾರ್ಥಿ ಮನೆಪಾಠದ ಅನುಕೂಲವಿದ್ದೂ ವರ್ಷವಿಡೀ ಅಲೆದಾಡಿ, ಪರೀಕ್ಷೆಯ ಹಿಂದಿನ ವಾರ ಓದಿ, ಶೇ. 52 ಅಂಕ ಪಡೆಯುತ್ತಾನೆ. ನಿಯಮದ ಪ್ರಕಾರ ಅವನ ನೆರವು ಮುಂದುವರಿಯುತ್ತದೆ, ಅವಳದು ನಿಲ್ಲುತ್ತದೆ. ಇಲ್ಲಿ ನಿಯಮವನ್ನು ಯಾರೂ ಮುರಿದಿಲ್ಲ. ಆದರೂ ನ್ಯಾಯ ನಡೆಯಿತೆಂದು ಹೇಳಲು ನಾಲಿಗೆ ಬಾರದು.

ಅನೇಕಾಂತವು ಕಲಿಸುವುದು ಇದನ್ನೇ. ಅಂಕವು ಸುಳ್ಳಲ್ಲ; ಅದು ಒಂದು ನಯ. ಒಂದು ನಯವನ್ನೇ ಸಮಗ್ರ ಸತ್ಯವೆಂದು ಹಿಡಿದಾಗ ಅದು ದುರ್ನಯವಾಗುತ್ತದೆ. ಎಲ್ಲಿಂದ ಹೊರಟಳು, ಯಾವ ಭಾರವನ್ನು ಹೊತ್ತು ನಡೆದಳು ಎಂಬುದನ್ನು ಕೇಳದೆ, ಎಲ್ಲಿಗೆ ತಲುಪಿದಳು ಎಂಬುದನ್ನಷ್ಟೇ ನೋಡಿ ಪ್ರಗತಿಯನ್ನು ನಿರ್ಣಯಿಸಲಾಗದು.

ಇನ್ನೊಂದು ಮಾತನ್ನೂ ಯೋಚಿಸಬೇಕು. ಮೂರು ವರ್ಷಗಳ ಪದವಿಗೆ ಒಂದು ವರ್ಷ ಮಾತ್ರ ನೆರವು ಕೊಟ್ಟರೆ ಅದು ದಾನದ ಮೂರನೆಯ ಒಂದು ಭಾಗವೆಂದು ಲೆಕ್ಕಪತ್ರ ಹೇಳಬಹುದು. ಬದುಕಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನೆರವನ್ನು ನಂಬಿ ಮನೆಯವರು ಉಳಿದ ಖರ್ಚಿಗೆ ಸಾಲ ಮಾಡಿರುತ್ತಾರೆ. ಮಗಳು ಸಿಗಬಹುದಾಗಿದ್ದ ಕೂಲಿಯನ್ನು ಬಿಟ್ಟಿರುತ್ತಾಳೆ. ಅರ್ಧದಲ್ಲಿ ಕೈಬಿಟ್ಟರೆ ಪದವಿಯೂ ಇಲ್ಲ, ಸಾಲವೂ ತೀರಿಲ್ಲ. ಜೈನಶಾಸ್ತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸಿದೆ. ವಿಚಾರಿಸದೆ ಎಳೆದ ಒಂದು ಕೆಂಪು ಗೆರೆಯೂ ಪ್ರಮಾದವೇ.

ಸ್ಥಿತಿಕರಣದ ಮಾರ್ಗ

ಹಾಗಾದರೆ ಸಮಿತಿಯವರು ಏನು ಮಾಡಬೇಕು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವನ್ನು ಹೇಳಿದೆ. ಮಾರ್ಗದಿಂದ ಜಾರುತ್ತಿರುವವರನ್ನು ಪುನಃ ಅಲ್ಲಿ ನೆಲೆಗೊಳಿಸುವುದೇ ಸ್ಥಿತಿಕರಣ. ಅದಕ್ಕೆ ದೃಷ್ಟಾಂತ ವಾರಿಷೇಣ ಮುನಿಗಳು. ಅವರ ಗೆಳೆಯ ಪುಷ್ಪಡಾಲ ದೀಕ್ಷೆ ಪಡೆದಿದ್ದರೂ ಅವನ ಮನಸ್ಸು ಮನೆಯಲ್ಲಿದ್ದ ಪತ್ನಿಯನ್ನೇ ನೆನೆಯುತ್ತಿತ್ತು. ಇದನ್ನರಿತ ವಾರಿಷೇಣರು ಅವನನ್ನು ಸಂಘದಿಂದ ಹೊರಹಾಕಲಿಲ್ಲ. ತಾವು ತ್ಯಜಿಸಿಬಂದ ಅರಮನೆಗೇ ಅವನನ್ನು ಕರೆದೊಯ್ದು, ತಾವು ಬಿಟ್ಟುಬಂದ ವೈಭವವನ್ನೂ ಸರ್ವಾಲಂಕೃತೆಯರಾದ ಪತ್ನಿಯರನ್ನೂ ಕಣ್ಣಾರೆ ಕಾಣಿಸಿದರು. ಪುಷ್ಪಡಾಲ ನಾಚಿ, ಎಚ್ಚೆತ್ತು, ವ್ರತದಲ್ಲಿ ಸ್ಥಿರನಾದನು. ವಾರಿಷೇಣರು ವ್ರತವನ್ನು ಸಡಿಲಿಸಲಿಲ್ಲವೆಂಬುದೂ ಗಮನಾರ್ಹ. ನಿಯಮ ನಿಂತಲ್ಲಿಯೇ ನಿಂತಿತು. ಜಾರಿದವನನ್ನು ಅದರ ಬಳಿಗೆ ಮರಳಿ ತಂದರು.

ಮುನಿಧರ್ಮದ ಪ್ರಾಯಶ್ಚಿತ್ತಕ್ರಮದಲ್ಲಿಯೂ ಇದೇ ವಿವೇಕವಿದೆ. ತತ್ತ್ವಾರ್ಥಸೂತ್ರವು ಎಣಿಸುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ತನ್ನ ದೋಷವನ್ನು ಮರೆಮಾಚದೆ ಹೇಳಿಕೊಳ್ಳುವುದು. ದೀಕ್ಷಾಕಾಲವನ್ನು ಕಡಿತಗೊಳಿಸುವ ಛೇದ, ಕೆಲಕಾಲ ಸಂಘದಿಂದ ದೂರವಿಡುವ ಪರಿಹಾರ ಬಹಳ ಮುಂದೆ ಬರುತ್ತವೆ. ಎಲ್ಲಕ್ಕೂ ಕೊನೆಯದು ಬಹಿಷ್ಕಾರವಲ್ಲ, ಉಪಸ್ಥಾಪನೆ. ಅಂದರೆ ಮರಳಿ ದೀಕ್ಷೆ ನೀಡುವುದು. ಕೇಳುವುದರಿಂದ ಆರಂಭವಾಗಿ ಸೇರಿಸಿಕೊಳ್ಳುವುದರಲ್ಲಿ ಮುಗಿಯುವ ಕ್ರಮವಿದು.

ಲೌಕಿಕ ನಿಯಮಗಳಲ್ಲಿಯೂ ಇದರ ಛಾಯೆ ಕಾಣುತ್ತದೆ. ಅಮೆರಿಕದಲ್ಲಿ ಫೆಡರಲ್ ಸರಕಾರದ ಶಿಕ್ಷಣ ನೆರವು ಪಡೆಯುವವರು ‘ತೃಪ್ತಿಕರ ವ್ಯಾಸಂಗ ಪ್ರಗತಿ’ಯನ್ನು ತೋರಬೇಕು, ನಿಗದಿತ ಅವಧಿಯ ಶೇ. 150ರೊಳಗೆ ಪದವಿಯನ್ನು ಮುಗಿಸಬೇಕು. ಆದರೆ ಆತ್ಮೀಯರ ಮರಣ, ಸ್ವಂತ ಕಾಯಿಲೆ ಮೊದಲಾದ ಕಾರಣಗಳಿಂದ ಹಿಂದುಳಿದವರ ಮನವಿಯನ್ನು ಕಾಲೇಜು ಪರಿಗಣಿಸಬಹುದು. ಮನವಿಯಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರವಿರಬೇಕು: ಏಕೆ ಹೀಗಾಯಿತು, ಈಗ ಏನು ಬದಲಾಗಿದೆ? ಮೊದಲನೆಯದು ಆಲೋಚನೆಯನ್ನೂ ಎರಡನೆಯದು ಪ್ರತಿಕ್ರಮಣವನ್ನೂ ನೆನಪಿಸುತ್ತದೆ.

ಕಾಯುತ್ತಿರುವವರ ಪ್ರಶ್ನೆ

ಇಲ್ಲಿ ಒಂದು ಕಠಿಣ ಆಕ್ಷೇಪ ಏಳುತ್ತದೆ. ಶೇ. 46 ಪಡೆದವಳಿಗೆ ನೆರವು ಮುಂದುವರಿಸಿದರೆ, ಶೇ. 85 ಪಡೆದು ಹೊಸದಾಗಿ ಅರ್ಜಿ ಹಾಕಿದ ಬಡ ವಿದ್ಯಾರ್ಥಿಗೆ ಅದು ತಪ್ಪಿದಂತಾಗುವುದಿಲ್ಲವೇ? ಆಗುತ್ತದೆ. ಇದನ್ನು ಮರೆಮಾಚುವುದು ಸತ್ಯವ್ರತಕ್ಕೆ ಸಲ್ಲದು. ಹಣ ಮಿತವಾಗಿರುವಲ್ಲಿ ಒಬ್ಬರಿಗೆ ತೋರಿದ ದಯೆಯ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆ.

ಆದರೂ ಇಬ್ಬರ ಸ್ಥಿತಿ ಒಂದೇ ಅಲ್ಲ. ಒಬ್ಬಳಿಗೆ ಮಾತು ಕೊಟ್ಟಾಗಿದೆ. ಆ ಮಾತನ್ನು ನಂಬಿ ಅವಳು ದಾರಿಯ ನಡುವೆ ನಿಂತಿದ್ದಾಳೆ. ಇನ್ನೊಬ್ಬನಿಗೆ ಮಾತು ಇನ್ನೂ ಕೊಡಬೇಕಾಗಿದೆ. ಆದ್ದರಿಂದ ವಿವೇಕದ ಮಾರ್ಗವೆಂದರೆ ಮೊದಲೇ ಕಡಿಮೆ ಜನರಿಗೆ ಮಾತು ಕೊಟ್ಟು, ಒಂದು ಪಾಲನ್ನು ಮೀಸಲಾಗಿಟ್ಟು, ಕೊಟ್ಟ ಮಾತನ್ನು ಕೊನೆಯವರೆಗೆ ನಡೆಸುವುದು. ಹಿಂದುಳಿದವರಿಗೆ ಒಂದು ಸೆಮಿಸ್ಟರಿನ ಅವಧಿ ನೀಡಿ, ಸಮಿತಿಯ ಸದಸ್ಯರೊಬ್ಬರು ಅವರ ಮನೆಗೆ ಹೋಗಿ ಕಾರಣವನ್ನು ಕೇಳಿ, ಬೇಕಾದರೆ ಇಂಗ್ಲಿಷ್ ಪಾಠಕ್ಕೂ ಏರ್ಪಾಡು ಮಾಡಬಹುದು. ಅನಂತರವೂ ಪ್ರಯತ್ನವೇ ಕಾಣದಿದ್ದರೆ ನೆರವನ್ನು ನಿಲ್ಲಿಸುವುದರಲ್ಲಿ ದೋಷವಿಲ್ಲ. ಮರಳಿ ಬಂದಾಗ ಬಾಗಿಲು ತೆರೆದಿರಲಿ. ವಿದ್ಯಾರ್ಥಿಗೆ ದಿನಾಂಕ, ಹಾಜರಿಗಳ ಕಟ್ಟಳೆ ವಿಧಿಸುವ ಸಂಸ್ಥೆಯು ತನಗೂ ಒಂದು ಕಟ್ಟಳೆಯನ್ನು ವಿಧಿಸಿಕೊಳ್ಳಬೇಕು. ಶುಲ್ಕದ ಕೊನೆಯ ದಿನ ಕಳೆದ ಮೇಲೆ ಬರುವ ಹಣ ಅರ್ಧ ದಾನವೇ ಸರಿ.

ಇದಕ್ಕೆ ಅಡ್ಡಬರುವುದು ಹೆಚ್ಚಾಗಿ ಹಣದ ಕೊರತೆಯಲ್ಲ, ಸಂಖ್ಯೆಯ ಮೋಹ. ಈ ವರ್ಷ ಎಷ್ಟು ಮಂದಿಗೆ ವಿದ್ಯಾರ್ಥಿವೇತನ ವಿತರಿಸಲಾಯಿತೆಂಬುದು ಉತ್ಸವದ ವೇದಿಕೆಯಲ್ಲಿ ಘೋಷಣೆಯಾಗುತ್ತದೆ, ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗುತ್ತದೆ. ಕೀರ್ತಿಯೂ ಒಂದು ಪರಿಗ್ರಹ. ಆ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯೂ ಅಚ್ಚಾಗಲಿ: ಮೂರು ವರ್ಷಗಳ ಹಿಂದೆ ನೆರವು ಪಡೆದವರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರು? ವಿದ್ಯಾರ್ಥಿಯ ಪ್ರಗತಿಯನ್ನು ಅಳೆಯುವ ಟ್ರಸ್ಟು ತನ್ನ ಪ್ರಗತಿಯನ್ನು ಅಳೆದುಕೊಳ್ಳಬೇಕಾದುದು ಈ ಅಂಕದಿಂದ.

ದಶಲಕ್ಷಣ ಪರ್ವ ಕ್ಷಮಾವಣಿಯಿಂದಲೂ ಪರ್ಯುಷಣ ಸಂವತ್ಸರಿಯಿಂದಲೂ ಪೂರ್ಣಗೊಳ್ಳುತ್ತವೆ. ಅಂದು ಹಿರಿಯರೂ ಕಿರಿಯರ ಮುಂದೆ ಕೈಮುಗಿದು ಕ್ಷಮೆ ಕೇಳುತ್ತಾರೆ. ವರ್ಷದ ಲೆಕ್ಕದಲ್ಲಿ ಹಿಂದುಳಿದ ವಿದ್ಯಾರ್ಥಿಯ ಅರ್ಜಿಯನ್ನು ಬದಿಗಿಡುವ ಮುನ್ನ ಸಮಿತಿಯವರು ಆ ದಿನವನ್ನು ಒಮ್ಮೆ ನೆನೆದು, ಆಕೆಯ ಮನೆಯ ಬಾಗಿಲಿಗೆ ಹೋಗಿಬಂದರೆ ವಿದ್ಯಾದಾನವು ಸಾರ್ಥಕವಾದೀತು.

ಜೈ ಜಿನೇಂದ್ರ.