ಹಾದುಹೋಗುವ ಪ್ಯಾದೆ

ನಮ್ಮ ಕಾಕಾ ಕನ್ನಡ ಸಾಲೆಯ ಮಾಸ್ತರರಾಗಿದ್ದವರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ವರ್ಗವಾದ ಕಡೆಗೆಲ್ಲ ಅವರ ಹಿಂದೆ ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಒಂದು ಬುದ್ಧಿಬಳದ ಮಣೆ ಹೋಗುತ್ತಿದ್ದವು. ಅವರದು ಹಳೆಯ ದೇಶೀ ಆಟ. ಅದರಲ್ಲಿ ಪ್ಯಾದೆಗೆ ಮೊದಲ ನಡೆಯಲ್ಲಿಯೂ ಒಂದೇ ಮನೆ. ನಾನು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತದ್ದು ಈಗ ಎಲ್ಲ ಕಡೆಗೂ ನಡೆಯುವ ಆಟ. ರಜೆಗೆಂದು ಹಾನಗಲ್ಲಿಗೆ ಬಂದು ಅವರೆದುರು ಕುಳಿತಾಗ ತಕರಾರು ಹುಟ್ಟಿತು.

ಹೊಸ ಆಟದಲ್ಲಿ ಪ್ಯಾದೆ ತಾನು ಮೊದಲು ನಿಂತ ಮನೆಯಿಂದ ಒಮ್ಮೆಗೇ ಎರಡು ಮನೆ ಹೋಗಬಹುದು. ಹಾಗೆ ಹೋಗಿ ಎದುರಾಳಿಯ ಪ್ಯಾದೆಯ ಮಗ್ಗುಲಲ್ಲಿಯೇ ನಿಂತರೆ, ಒಂದೇ ಮನೆ ನಡೆದಿತ್ತೆಂದು ಭಾವಿಸಿ ಆ ಪ್ಯಾದೆ ಇದನ್ನು ಓರೆಯಾಗಿ ಹೊಡೆಯಬಹುದು. ಆದರೆ ಹೊಡೆಯುವುದಿದ್ದರೆ ಮರುನಡೆಯಲ್ಲಿಯೇ ಹೊಡೆಯಬೇಕು. ನಡುವೆ ಬೇರೆ ಕಾಯಿ ನಡೆಸಿದಿರೋ, ಹಕ್ಕು ಹೋಯಿತು. ಎರಡು ಮನೆಯ ನಡೆ ಬಂದ ಮೇಲೆ ಯುರೋಪಿನಲ್ಲಿ ಹುಟ್ಟಿದ ಕಟ್ಟಳೆ ಇದು. ಇಟಲಿಯವರು ಇದನ್ನು ಒಪ್ಪಿದ್ದು 1880ರ ಸುಮಾರಿಗೆ. 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ ಪಂಜಾಬದ ಮೀರ್ ಸುಲ್ತಾನ್ ಖಾನ್ ಕೂಡ ದೇಶೀ ಆಟದಲ್ಲಿ ಬೆಳೆದು ಇಂಥವನ್ನು ಆಮೇಲೆ ಕಲಿತವನೇ.

ಕಾಕಾ ಒಪ್ಪಲಿಲ್ಲ. "ಅಲ್ಲೋ ತಮ್ಮಾ, ಅಂವ ನಿಂತದ್ದು ಒಂದು ಮನ್ಯಾಗ, ನೀ ಹೊಡಿಯೂದು ಇನ್ನೊಂದು ಮನ್ಯಾಗ. ಇದ್ಯಾವ ನ್ಯಾಯ?"

"ನನ್ನ ಹೊಡೆತ ತಪ್ಪಿಸಿ ಓಡಿದ್ದಕ್ಕ ಶಿಕ್ಷಾ, ಕಾಕಾ. ಅದೂ ಈಗ ಹೊಡದ್ರ ಹೊಡದಂಗ. ಆಮ್ಯಾಲೆ ಇಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಇದನ್ನ ಮಾಡಿದಂವ ಶ್ಯಾಣ್ಯಾ ಇದ್ದಾನ" ಎಂದು ಮಣೆಯನ್ನು ಹತ್ತಿರ ಎಳೆದುಕೊಂಡರು.

ಆ ಮಾತು ನನಗೆ ತಟ್ಟಿದ್ದು ಬಹಳ ವರ್ಷಗಳ ಮೇಲೆ. ಒಮ್ಮೆ ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗೆ ನಿಂತಿದ್ದೆ. ಹುಡುಗನೊಬ್ಬ ಅಂಗಿಯ ತೋಳಿನಿಂದ ಚೀಟಿ ತೆಗೆದ. ನಾನು ನೋಡಿದ್ದನ್ನು ಅವನೂ ನೋಡಿದ. ನಾನು ಮುಂದಿನ ಸಾಲಿಗೆ ಸರಿದೆ. ಬಡವರ ಹುಡುಗ, ಹೋಗಲಿ ಎಂದುಕೊಂಡೆ. ನನ್ನ ದಯೆಯ ಬಗ್ಗೆ ನನಗೇ ಮೆಚ್ಚಿಗೆಯಾಯಿತು.

ಮುಂದೆ ಅದೇ ಹುಡುಗ ಪ್ರಾಚಾರ್ಯರ ಎದುರಿಗೆ, ನಾನು ಪಾಠ ಮಾಡುವುದಿಲ್ಲ, ಹಳೆಯ ಟಿಪ್ಪಣಿ ಬರೆಸುತ್ತೇನೆ ಎಂದು ದೂರಿದ. ಆ ವರ್ಷದ ಮಟ್ಟಿಗೆ ಅದು ನಿಜವೇ ಆಗಿತ್ತು. ಕೆಲವು ತಿಂಗಳ ಮೇಲೆ ಒಂದು ಸಣ್ಣ ನೌಕರಿಗಾಗಿ ನಡತೆಯ ಪ್ರಮಾಣಪತ್ರ ಕೇಳಲು ಬಂದ. ನಾನು ಪೆನ್ನು ಕೈಯಲ್ಲಿ ಹಿಡಿದೇ ಕೇಳಿದೆ: "ತೋಳಿನೊಳಗಿನ ಚೀಟಿ ನೆನಪಿದೆಯೇನಪ್ಪಾ?" ಅವನು ಕಾಗದವನ್ನು ಮಡಚಿಕೊಂಡು ಹೊರಟುಹೋದ.

ನಾನು ಹೇಳಿದ್ದು ಸುಳ್ಳಲ್ಲ. ತಪ್ಪಿಗೆ ಅವಧಿ ಉಂಟೇ ಎಂದು ಯಾರಾದರೂ ಕೇಳಬಹುದು. ಕೊಲೆಗೆ ಇಲ್ಲ, ಇರಲೂಬಾರದು. ಆದರೆ ಇದು ಪ್ಯಾದೆಯ ತಪ್ಪು. ನಾನು ಅದನ್ನು ಕ್ಷಮಿಸಿಯೂ ಇರಲಿಲ್ಲ, ಶಿಕ್ಷಿಸಿಯೂ ಇರಲಿಲ್ಲ. ಬೇಕಾದಾಗ ಬಳಸಲು ಕಿಸೆಯಲ್ಲಿಟ್ಟುಕೊಂಡಿದ್ದೆ. ಅಂದೇ ಹಿಡಿದಿದ್ದರೆ ಅದು ಪರೀಕ್ಷೆಯ ನಿಯಮವಾಗುತ್ತಿತ್ತು, ಅವನಿಗೂ ಒಂದು ಮಾತು ಆಡಲು ಎಡೆಯಿರುತ್ತಿತ್ತು. ಅವನು ನನ್ನನ್ನು ನೋಯಿಸಿದ ಮೇಲೆ ಎತ್ತಿದ್ದರಿಂದ ಅದು ನನ್ನ ಹಗೆಯಾಯಿತು. ಚದುರಂಗದ ಕಟ್ಟಳೆ ಓಡಿದ ಪ್ಯಾದೆಯನ್ನು ನಿರಪರಾಧಿ ಎನ್ನುವುದಿಲ್ಲ. ಹೊಡೆಯುವವನಿಗೆ ಸಮಯ ಆರಿಸಿಕೊಳ್ಳುವ ಸುಖವನ್ನು ಮಾತ್ರ ಕೊಡುವುದಿಲ್ಲ.

ತರಗತಿಯಲ್ಲಿ ಕರ್ಣನ ಕೊನೆಯನ್ನು ಹೇಳುವಾಗಲೂ ಇದೇ ಎದುರಾಗುತ್ತದೆ. ರಥದ ಗಾಲಿ ಹೂತು ಅವನು ಧರ್ಮದ ಮಾತೆತ್ತಿದಾಗ, ವ್ಯಾಸಭಾರತದ ಕೃಷ್ಣ ದ್ರೌಪದಿಯ ಸಭೆಯಿಂದ ಹಿಡಿದು ಹಳೆಯ ಲೆಕ್ಕವನ್ನೆಲ್ಲ ಬಿಚ್ಚುತ್ತಾನೆ. ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ಆದರೂ ಹುಡುಗರು ಪ್ರತಿ ವರ್ಷವೂ ಕರ್ಣನ ಕಡೆಗೇ ವಾಲುತ್ತಾರೆ. ಮೊದಲೆಲ್ಲ ಅವರನ್ನು ತಿದ್ದುತ್ತಿದ್ದೆ.

ಆ ಹುಡುಗ ಈಗ ಶಿಗ್ಗಾಂವಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ನಾನು ಒಮ್ಮೊಮ್ಮೆ ಹೋಗುತ್ತೇನೆ. "ನಮಸ್ಕಾರ ಸರ್" ಎನ್ನುತ್ತಾನೆ, ಪುಟ ಎಣಿಸಿ ಕೊಡುತ್ತಾನೆ, ಚಿಲ್ಲರೆ ತಪ್ಪದೆ ಮರಳಿಸುತ್ತಾನೆ. ಆ ಪ್ರಮಾಣಪತ್ರದ ಮಾತನ್ನು ಅವನು ಎತ್ತಿಲ್ಲ. ಎತ್ತಬೇಕಾದವನು ನಾನು, ಚಿಲ್ಲರೆ ತೆಗೆದುಕೊಂಡು ಬಸ್ಸಿಗೆ ಹೊರಡುತ್ತೇನೆ.