ಸಂಕಲ್ಪ, ತ್ಯಾಗ ಮತ್ತು ಯಂತ್ರ

ತನ್ನ ಭಾರವನ್ನು ಇನ್ನೊಂದರ ಹೆಗಲಿಗೆ ಸಾಗಿಸುವದರಲ್ಲಿ ಮನುಷ್ಯನು ಮೊದಲಿನಿಂದಲೂ ಚತುರನು. ಎತ್ತಿನ ಹೆಗಲ ಮೇಲೆ ನೊಗವನ್ನಿಟ್ಟನು. ಹರಿಯುವ ನೀರಿನಿಂದ ಬೀಸುವ ಕಲ್ಲನ್ನು ತಿರುಗಿಸಿದನು. ಉಗಿಯನ್ನೂ ವಿದ್ಯುತ್ತನ್ನೂ ಊಳಿಗಕ್ಕೆ ಹಚ್ಚಿದನು. ಇದರಲ್ಲಿ ತಪ್ಪೆಣಿಸುವ ಕಾರಣವಿಲ್ಲ. ಆದರೆ ಮೈಯ ಭಾರವನ್ನು ಇಳಿಸಿಕೊಂಡವನು ಕ್ರಮೇಣ ಮನಸ್ಸಿನ ಭಾರವನ್ನೂ ಇಳಿಸಿಕೊಳ್ಳಲು ಬಯಸುವನು. ಲೆಕ್ಕ ಮಾಡುವ ಭಾರ, ನೆನಪಿಡುವ ಭಾರ, ದಾರಿಯನ್ನು ಕೇಳಿಕೊಂಡು ಹೋಗುವ ಭಾರ. ಕಟ್ಟಕಡೆಗೆ ಬಾಳಿನಲ್ಲಿ ಯಾವದನ್ನು ಹಿಡಿಯಬೇಕು, ಯಾವದನ್ನು ಬಿಡಬೇಕೆಂದು ನಿಶ್ಚಯಿಸುವ ಭಾರ. ಇವುಗಳಲ್ಲಿ ಯಾವದನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವದನ್ನು ಒಪ್ಪಿಸಲಾಗದು? ಈ ಪ್ರಶ್ನೆಯನ್ನು ವಿಚಾರಿಸಲು ದೂರ ಹೋಗಬೇಕಾದದ್ದಿಲ್ಲ. ಹುಬ್ಬಳ್ಳಿಯ ಬೆಂಗೇರಿಯವರೆಗೆ ಹೋದರೆ ಸಾಕು.

ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣವಿರುವದು. 1957ರಲ್ಲಿ ಸ್ಥಾಪಿತವಾದ ಈ ಸಂಘವು ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ಮಾನಕ ಬ್ಯೂರೋದ ಮುದ್ರೆಯನ್ನು ಪಡೆದು ಖಾದಿಯ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಕೆಲಸವನ್ನು ಕೈಕೊಂಡಿತು. ಸ್ವತಂತ್ರ ಭಾರತವು ವಸ್ತುಗಳ ಗುಣಕ್ಕಾಗಿ ಗೊತ್ತುಪಡಿಸಿದ ಮಾನಕಗಳಲ್ಲಿ ಒಂದನೆಯ ಸಂಖ್ಯೆಯದು ರಾಷ್ಟ್ರಧ್ವಜದ್ದೇ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಕೇಂದ್ರದಲ್ಲಿ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯು ಇಲ್ಲಿಗೆ ಬರುವದು. ಅದನ್ನು ಬಿಳುಪು ಮಾಡಿ, ಬಣ್ಣ ಕಟ್ಟಿ, ಇಪ್ಪತ್ತುನಾಲ್ಕು ಅರಗಳ ಚಕ್ರವನ್ನು ಎರಡೂ ಮಗ್ಗಲುಗಳಲ್ಲಿ ಒಂದಕ್ಕೊಂದು ಸರಿಹೊಂದುವಂತೆ ಅಚ್ಚೊತ್ತಿ, ಮೂರು ಪಟ್ಟಿಗಳನ್ನು ಕೂಡಿಸಿ ಹೊಲಿದು, ಹಗ್ಗವನ್ನು ಸೇರಿಸುವರು. ಆರು ಇಂಚು ಉದ್ದದ ಮೇಜಿನ ಬಾವುಟದಿಂದ ಇಪ್ಪತ್ತೊಂದು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಮಹಾಧ್ವಜದವರೆಗೆ ಒಂಬತ್ತು ಅಳತೆಗಳುಂಟು. ಬಣ್ಣ, ಅಳತೆ, ನೂಲಿನ ಎಣಿಕೆ ಇವುಗಳಲ್ಲಿ ತಪ್ಪಿದುದು ಮುದ್ರೆಗೆ ಅರ್ಹವಾಗದು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಈ ಕೆಲಸಕ್ಕೂ ಒಂದು ಸಂದೇಹದ ಕಾಲ ಬಂದಿತು. 2021ನೆಯ ಇಸವಿ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ತಯಾರಾದ ಬಾವುಟಕ್ಕೂ ಪಾಲಿಯೆಸ್ಟರ್ ಬಟ್ಟೆಯ ಬಾವುಟಕ್ಕೂ ಅನುಮತಿ ದೊರೆಯಿತು. ಮರುವರ್ಷ ಮನೆಮನೆಗೂ ಧ್ವಜವೆಂಬ ಅಭಿಯಾನ ನಡೆದಾಗ ಅಗ್ಗದ ಬಾವುಟಗಳು ಪೇಟೆಗೆ ಹರಿದುಬಂದವು. ಬೆಂಗೇರಿಯಿಂದ ಆಕ್ಷೇಪದ ಧ್ವನಿಯೂ ಎದ್ದಿತು. ಮನೆಮನೆಗೆ ಬಾವುಟ ಮುಟ್ಟಬೇಕಾದರೆ ಅದು ಸುಲಭ ಬೆಲೆಗೆ ಸಿಗಬೇಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ವರ್ಷಗಟ್ಟಲೆ ಕಣ್ಣು ಕಿರಿದು ಮಾಡಿಕೊಂಡು ಹೊಲಿಗೆಯನ್ನು ನೆಟ್ಟಗೆ ಸಾಗಿಸಿದ ಒಬ್ಬ ಹೆಣ್ಣುಮಗಳ ಮನಸ್ಸಿನಲ್ಲಿ ಆಗ ಹುಟ್ಟುವ ಪ್ರಶ್ನೆಯು ಬೆಲೆಯದಲ್ಲ. 'ಯಂತ್ರವು ಕ್ಷಣದಲ್ಲಿ ಮಾಡುವದನ್ನು ಇಷ್ಟು ವರ್ಷ ಕೈಯಿಂದ ಮಾಡುತ್ತ ಕೂತದ್ದು ಸರಿಯಾಯಿತೇ? ಬೇರೆ ದಾರಿಯನ್ನು ಹಿಡಿಯಬೇಕಾಗಿತ್ತೇ?' ಸಂದೇಹವು ಕೆಲಸದ ಮೇಲಿಂದ ಬಾಳಿನ ಮೇಲೆಯೇ ಹಬ್ಬುವದು.

ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಾಯಿ ಬಾವುಟ ಹೊಲಿಯುವವಳು. ಮಗಳು ಪಿಯುಸಿ ತೇರ್ಗಡೆಯಾದವಳು. ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ವಿದ್ಯೆಯನ್ನು ಕಲಿಯಬೇಕೋ, ಊರಲ್ಲೇ ಇದ್ದು ಮಾಸ್ತರಿಕೆಯ ವ್ಯಾಸಂಗ ಮಾಡಬೇಕೋ ಎಂಬುದು ಆಕೆಯ ಚಿಂತೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆಕೆ ಮೊಬೈಲಿನಲ್ಲಿರುವ ಕೃತಕ ಬುದ್ಧಿಯ ಯಂತ್ರವನ್ನು ಕೇಳುವಳು. ಅದು ಬೇಸರವಿಲ್ಲದೆ ಎರಡೂ ದಾರಿಗಳ ಗುಣದೋಷಗಳನ್ನು ಅಂದವಾಗಿ ಎಣಿಸಿ, ಮೊದಲನೆಯದೇ ಮೇಲೆಂದು ಹೇಳುವದು. ಮರುದಿನ ಅದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೇಳಿದರೆ ಎರಡನೆಯದರ ಕಡೆಗೆ ವಾಲುವದು. ಉತ್ತರಗಳು ಬೆಳೆದಂತೆ ಸಂದೇಹವೂ ಬೆಳೆಯುವದು. ವಾರದ ಕೊನೆಗೆ ಆಕೆಗೆ ಯಾವ ದಾರಿಯ ಮೇಲೂ ನಂಬಿಗೆ ಉಳಿದಿರುವದಿಲ್ಲ. ತನ್ನ ಮೇಲಂತೂ ಮೊದಲೇ ಇಲ್ಲ. ಕಡೆಗೆ ತಾಯಿಯ ಮುಂದೆ ಬಂದು ಕೂಡ್ರುವಳು.

"ಅವ್ವಾ, ನಾ ಯಾವ ದಾರಿ ಹಿಡೀಲಿ?"

ತಾಯಿ ದಾರವನ್ನು ಕಡಿದು ಹೇಳುವಳು: "ಹಿಡಿಯೂದ ಆಮ್ಯಾಲ ನೋಡೂಣು. ಮೊದಲ ಯಾವುದನ್ನ ಬಿಡಾಕ ತಯಾರ ಅದಿ, ಅದನ್ನ ಹೇಳು."

ಓದುಬರಹ ಕಡಿಮೆಯಾದ ಆ ತಾಯಿಯ ಮಾತಿನಲ್ಲಿ ಪೂರ್ವಮೀಮಾಂಸೆಯ ಒಂದು ದೊಡ್ಡ ವಿಚಾರವು ಅಡಗಿರುವದು. ಜೈಮಿನಿಯ ಸೂತ್ರಗಳ ಮೂರನೆಯ ಅಧ್ಯಾಯದಲ್ಲಿ, ಯಜ್ಞದಲ್ಲಿ ಯಾವ ಕೆಲಸವನ್ನು ಯಾರು ಮಾಡಬೇಕೆಂಬ ಚರ್ಚೆಯುಂಟು. ಯಜ್ಞದ ಫಲವು ಯಜಮಾನನದು. ಹಾಗಾದರೆ ಎಲ್ಲ ಕೆಲಸಗಳನ್ನೂ ಅವನೇ ಮಾಡಬೇಕೇ? ಮಾಡಲಾಗದು, ಅದಕ್ಕಾಗಿಯೇ ಋತ್ವಿಜರಿರುವರು. ಅವರಿಗೆ ದಕ್ಷಿಣೆ ಕೊಡುವದನ್ನು ಮೀಮಾಂಸಕರು ಸಂಕೋಚವಿಲ್ಲದೆ 'ಪರಿಕ್ರಯ'ವೆಂದು, ಎಂದರೆ ಕೊಂಡುಕೊಳ್ಳುವದೆಂದು ಕರೆದರು. ಮಂತ್ರ ಹೇಳುವದನ್ನು ಕೊಳ್ಳಬಹುದು. ಸೋಮವನ್ನು ಹಿಂಡುವದನ್ನು, ಬೆಂಕಿಯಲ್ಲಿ ಹವಿಸ್ಸನ್ನು ಹಾಕುವದನ್ನು ಕೊಳ್ಳಬಹುದು. ಆದರೆ ಎರಡನ್ನು ಕೊಳ್ಳಲಾಗದು. ಈ ಯಜ್ಞವನ್ನು ಮಾಡುವೆನೆಂಬ ಸಂಕಲ್ಪವು ಯಜಮಾನನದೇ ಆಗಿರಬೇಕು. ಈ ದ್ರವ್ಯವು ಇನ್ನು ತನ್ನದಲ್ಲವೆಂದು ದೇವತೆಯ ಉದ್ದೇಶವಾಗಿ ಬಿಟ್ಟುಕೊಡುವ ತ್ಯಾಗವೂ ಅವನದೇ ಆಗಿರಬೇಕು. ಒಡೆತನವಿಲ್ಲದವನು ಬಿಟ್ಟುಕೊಡುವದು ಹೇಗೆ? ಉಳಿದುದೆಲ್ಲವೂ ಅಂಗ, ಈ ಎರಡು ಇಲ್ಲದಿದ್ದರೆ ಯಜ್ಞವೇ ಇಲ್ಲ.

ಬಾಳಿನ ಪ್ರತಿಯೊಂದು ಆಯ್ಕೆಯೂ ಈ ಲಕ್ಷಣವುಳ್ಳದ್ದು. ಒಂದು ದಾರಿಯನ್ನು ಹಿಡಿಯುವದೆಂದರೆ ಇನ್ನೊಂದನ್ನು ಬಿಡುವದು. ಬೆಂಗಳೂರಿಗೆ ಹೋಗುವ ಮಗಳು ತಾಯಿಯ ಸಂಜೆಯ ಜೊತೆಯನ್ನು ಬಿಡುವಳು; ಊರಲ್ಲಿ ಉಳಿಯುವವಳು ತಾನು ಕಾಣಬಹುದಾಗಿದ್ದ ಲೋಕವೊಂದನ್ನು ಬಿಡುವಳು. ಯಂತ್ರವು ಸಂಬಳದ ಅಂಕಿಗಳನ್ನು ಹೇಳಬಲ್ಲುದು, ಕಾಲೇಜುಗಳ ಹೆಸರುಗಳನ್ನು ಕೊಡಬಲ್ಲುದು, ಅರ್ಜಿಯನ್ನು ಬರೆದುಕೊಡಬಲ್ಲುದು. ಋತ್ವಿಜನ ಕೆಲಸವನ್ನು ಅದು ಋತ್ವಿಜನಿಗಿಂತ ಬೇಗ ಮಾಡೀತು. ಆದರೆ ಅದು ಏನನ್ನೂ ಬಿಡುವದಿಲ್ಲ, ಬಿಡಲು ಅದರ ಹತ್ತಿರ ಏನೂ ಇಲ್ಲ. ಆದಕಾರಣ ಅದರ ಸಲಹೆ ಎಷ್ಟು ಯುಕ್ತವಾಗಿದ್ದರೂ ಅದು ಸಂಕಲ್ಪವಾಗಲಾರದು. ಆ ಹುಡುಗಿಯ ಸಂದೇಹವು ಉತ್ತರಗಳಿಂದ ಅಡಗದೆ ಹೋದದ್ದಕ್ಕೆ ಕಾರಣವೂ ಇದೇ. ಆಕೆಗೆ ಕೊರತೆಯಾದದ್ದು ಮಾಹಿತಿಯದಲ್ಲ. ಒಂದನ್ನು ಬಿಡುವ ದುಃಖವನ್ನು ಎದುರಿಸುವ ಧೈರ್ಯವು ಸಾಲದೆ, ಆ ದುಃಖವಿಲ್ಲದ ಉತ್ತರವನ್ನು ಆಕೆ ಹುಡುಕುತ್ತಿದ್ದಳು. ಅಂಥ ಉತ್ತರವು ಎಲ್ಲಿಯೂ ಇಲ್ಲ.

ಸಂಕಲ್ಪವನ್ನು ಪರರಿಗೆ ಒಪ್ಪಿಸಿದರೆ ಏನಾಗುವದೆಂಬುದಕ್ಕೆ ನೆರೆಯ ಬೆಳಗಾವಿಯ ಇತಿಹಾಸದಲ್ಲಿಯೇ ಒಂದು ದೃಷ್ಟಾಂತವುಂಟು. 1924ರ ಡಿಸೆಂಬರ್ ತಿಂಗಳಿನಲ್ಲಿ ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನವು ಅಲ್ಲಿ ಜರುಗಿತು. ಕಾಂಗ್ರೆಸ್ಸಿನ ಸದಸ್ಯನಾಗುವವನು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂಬ ನಿಯಮವು ಅಲ್ಲಿ ಅಂಗೀಕೃತವಾಯಿತು. ಪ್ರತಿಯೊಬ್ಬನೂ ದಿನದ ಒಂದಿಷ್ಟು ಹೊತ್ತು ಬಡವನ ಕೆಲಸವನ್ನು ಮಾಡಲಿ ಎಂಬುದು ಅದರ ಆಶಯ. ಆದರೆ ಅದೇ ನಿಯಮದಲ್ಲಿ, ಕಾಯಿಲೆಯಿದ್ದವನು ಅಥವಾ ನೂಲಲು ಮನಸ್ಸಿಲ್ಲದವನು ಇನ್ನೊಬ್ಬರು ನೂತ ಅಷ್ಟೇ ನೂಲನ್ನು ಕೊಡಬಹುದೆಂಬ ಅವಕಾಶವನ್ನೂ ಇಡಲಾಗಿತ್ತು. ಕೊಂಡು ತಂದ ನೂಲೂ ಗಜದ ಲೆಕ್ಕದಲ್ಲಿ ಸರಿಯಾಗಿಯೇ ಇರುವದು; ಕೊಟ್ಟವನ ಕೈಯಾಗಲಿ ಮನಸ್ಸಾಗಲಿ ಕಿಂಚಿತ್ತೂ ಬದಲಾಗಿರುವದಿಲ್ಲ. ಮರುವರ್ಷವೇ ಆ ಕಡ್ಡಾಯವು ಸಡಿಲಾಯಿತು. ಇಂದು ಯಂತ್ರದಿಂದ ಪ್ರಬಂಧವನ್ನು ಬರೆಯಿಸಿ ತನ್ನ ಹೆಸರಿನಿಂದ ಶಾಲೆಗೆ ಒಪ್ಪಿಸುವ ವಿದ್ಯಾರ್ಥಿಯು ಆ ಕೊಂಡ ನೂಲಿನ ವ್ಯಾಪಾರವನ್ನೇ ಮುಂದುವರಿಸುತ್ತಿರುವನು. ಪ್ರಬಂಧವು ಸಿದ್ಧವಾಗಿದೆ, ಆದರೆ ಪ್ರಬಂಧವು ಯಾರನ್ನು ಸಿದ್ಧಪಡಿಸಬೇಕಾಗಿತ್ತೋ ಅವನು ಇದ್ದಲ್ಲೇ ಇದ್ದಾನೆ.

ಹಾಗಾದರೆ ಯಂತ್ರವೇ ದೋಷವೇ ಎಂದು ಪೂರ್ವಪಕ್ಷಿಯು ಕೇಳಬಹುದು. ಹಾಗೆನ್ನಲಾಗದು. ಬೆಳಗಾವಿಯ ಅಧಿವೇಶನಕ್ಕೆ ಒಂದೆರಡು ತಿಂಗಳು ಮೊದಲು ಗಾಂಧೀಜಿಯವರು ಇದೇ ಪ್ರಶ್ನೆಗೆ ಉತ್ತರ ಕೊಡುತ್ತ, ಮನುಷ್ಯದೇಹವೂ ಚರಕವೂ ಯಂತ್ರಗಳೇ, ತಮ್ಮ ವಿರೋಧವು ಯಂತ್ರದ ಹುಚ್ಚಿಗೆ ಎಂದು ಸ್ಪಷ್ಟಪಡಿಸಿದರು. ಸಿಂಗರ್ ಹೊಲಿಗೆಯ ಯಂತ್ರದ ಹಿಂದೆ ಹೆಂಡತಿಯ ಶ್ರಮವನ್ನು ಕಡಿಮೆ ಮಾಡಬೇಕೆಂಬ ಪ್ರೀತಿಯಿದೆಯೆಂದು ಅದನ್ನು ಮೆಚ್ಚಿಕೊಂಡರು. ಬೆಂಗೇರಿಯಲ್ಲಿ ಕೈಯಿಂದ ನೂತ ಬಟ್ಟೆಯು ಹೊಲಿಗೆಯ ಯಂತ್ರದ ಸೂಜಿಯ ಕೆಳಗೇ ಧ್ವಜವಾಗುವದು. ಇನ್ನೊಂದು ಕಡೆಯಿಂದ, ರವೀಂದ್ರನಾಥ ಠಾಕೂರರು 1925ರಲ್ಲಿ ಚರಕದ ಬಗ್ಗೆ ಬರೆಯುತ್ತ, ಎಲ್ಲರೂ ವಿಚಾರವಿಲ್ಲದೆ ಒಂದೇ ಚಲನೆಯನ್ನು ಮಾಡುತ್ತ ಕೂತರೆ ಮನಸ್ಸು ಜಡವಾದೀತೆಂದು ಎಚ್ಚರಿಸಿದರು. ಇಬ್ಬರ ಮಾತುಗಳನ್ನೂ ಕೂಡಿಸಿ ನೋಡಿದರೆ, ಮರದ ಚರಕವು ಮನುಷ್ಯನನ್ನು ಯಂತ್ರವಾಗಿಸಬಹುದು, ಕಬ್ಬಿಣದ ಯಂತ್ರವು ಅವನಿಗೆ ಸಖನಾಗಬಹುದು ಎಂದು ತಿಳಿಯುವದು. ಸಂಕಲ್ಪವು ಯಾರ ಕೈಯಲ್ಲಿದೆ ಎಂಬುದೇ ನಿರ್ಣಾಯಕ.

ಎರಡನೆಯ ಆಕ್ಷೇಪವು ಇನ್ನೂ ಬಲವಾದದ್ದು. ಮನುಷ್ಯನು ಅಲ್ಪಜ್ಞನು; ಹಿಂದೆ ಹಿರಿಯರನ್ನು ಕೇಳುತ್ತಿದ್ದನು, ಜೋಯಿಸರ ಪಂಚಾಂಗವನ್ನು ತೆಗೆಸುತ್ತಿದ್ದನು, ದೇವರ ಮುಂದೆ ಹೂವಿನ ಪ್ರಸಾದವನ್ನು ಬೇಡುತ್ತಿದ್ದನು. ಈಗ ಯಂತ್ರವನ್ನು ಕೇಳಿದರೆ ಹೊಸದಾಗಿ ಏನು ಕೆಟ್ಟಿತು? ಈ ಮಾತಿನಲ್ಲಿ ಸತ್ಯವಿದೆ. ಪಂಚಾಂಗದ ಮರೆಯಲ್ಲಿ ಅಡಗಿ ಬಾಳಿದವರು ಹಿಂದೆಯೂ ಇದ್ದರು. ಸಂಕಲ್ಪಹೀನತೆಯು ಈ ಕಾಲದ ಸೃಷ್ಟಿಯಲ್ಲ. ಆದರೂ ಒಂದು ಭೇದವುಂಟು. ಹಿರಿಯನು ಸಲಹೆ ಕೊಟ್ಟ ಮೇಲೆ ಅದರ ಫಲದಲ್ಲಿ ಪಾಲುಗಾರನಾಗುತ್ತಿದ್ದನು. ಮಗಳಿಗೆ ಕೆಟ್ಟದಾದರೆ ಅವನ ಮುಖವೂ ಬಾಡುತ್ತಿತ್ತು. ಯಂತ್ರಕ್ಕೆ ಆ ಬಾಧೆಯಿಲ್ಲ. ಅಲ್ಲದೆ ಹಿರಿಯನನ್ನು ಹೊತ್ತುಹೊತ್ತಿಗೆ ಎಬ್ಬಿಸಿ ಕೇಳುವಂತಿರಲಿಲ್ಲ. ಕೇಳಿದ ಮೇಲೆ ಕೆಲವು ದಿನ ಒಬ್ಬಂಟಿಯಾಗಿ ಯೋಚಿಸಲೇಬೇಕಾಗುತ್ತಿತ್ತು. ಆ ಒಬ್ಬಂಟಿತನದಲ್ಲಿಯೇ ನಿಶ್ಚಯವು ಪಾಕವಾಗುತ್ತಿತ್ತು. ಈಗ ಸಂದೇಹವು ತಲೆಯೆತ್ತಿದ ಕ್ಷಣದಲ್ಲಿಯೇ ಉತ್ತರವು ಸಿದ್ಧವಾಗಿರುವದರಿಂದ ಅದು ಹಣ್ಣಾಗಲು ಹೊತ್ತೇ ಸಿಗದು.

ಸಂದೇಹವನ್ನು ಹಣ್ಣಾಗಿಸುವ ಬಗೆಗೆ ಭಗವದ್ಗೀತೆಗಿಂತ ಮಿಗಿಲಾದ ಉದಾಹರಣೆ ಇರಲಾರದು. ಅದರ ಕೊನೆಯ ಅಧ್ಯಾಯದ 61ನೆಯ ಶ್ಲೋಕದಲ್ಲಿ, ಈಶ್ವರನು ಸಕಲ ಪ್ರಾಣಿಗಳನ್ನು ಯಂತ್ರದ ಮೇಲೆ ಏರಿಸಿದಂತೆ ತನ್ನ ಮಾಯೆಯಿಂದ ತಿರುಗಿಸುತ್ತಿರುವನೆಂಬ ಮಾತು ಬರುವದು. ಅಷ್ಟಕ್ಕೇ ನಿಂತರೆ ಮನುಷ್ಯನಿಗೆ ಮಾಡಬೇಕಾದದ್ದೇನೂ ಉಳಿಯದು. ಆದರೆ ಎರಡೇ ಶ್ಲೋಕಗಳ ಮುಂದೆ, 63ನೆಯದರಲ್ಲಿ, ಹೇಳಿದುದೆಲ್ಲವನ್ನೂ ಸಂಪೂರ್ಣವಾಗಿ ವಿಮರ್ಶಿಸಿ ನಿನ್ನ ಇಚ್ಛೆಯಂತೆ ಮಾಡು ಎಂದು ಕೃಷ್ಣನು ಅರ್ಜುನನಿಗೆ ಬಿಟ್ಟುಕೊಡುವನು. ಸರ್ವಜ್ಞನಾದ ಗುರುವೂ ಶಿಷ್ಯನ ಸಂಕಲ್ಪವನ್ನು ತಾನು ಕಸಿದುಕೊಳ್ಳಲಿಲ್ಲ. ಯಂತ್ರಾರೂಢನಾದವನೂ ಆರಿಸಬೇಕಾಗಿದೆ ಎಂಬುದೇ ಆ ಎರಡು ಶ್ಲೋಕಗಳನ್ನು ಕೂಡಿಸಿ ಓದಿದಾಗ ಹೊಳೆಯುವ ಅರ್ಥ.

ಈ ವಿವೇಕವು ವ್ಯಕ್ತಿಗೆ ಬೇಕಾದಂತೆ ಸಮಾಜಕ್ಕೂ ಬೇಕು. ಕೈಗೆಲಸವೊಂದು ಕ್ಷೀಣಿಸಿದಾಗ 'ಕಾಲ ಬದಲಾಯಿತು, ಯಂತ್ರ ಬಂದಿತು' ಎಂದು ಹೇಳುವದುಂಟು. ಕಾಲವು ಸಹಿ ಮಾಡುವದಿಲ್ಲ. ಯಂತ್ರವು ಕಾನೂನನ್ನು ತಿದ್ದುವದಿಲ್ಲ. ಅಗ್ಗದ ಬಾವುಟವು ಬೇಕೆಂದು ಆರಿಸಿದವರು ಮನುಷ್ಯರು. ಅಂಗಡಿಯಲ್ಲಿ ಅದನ್ನು ಕೊಂಡವರೂ ಮನುಷ್ಯರು. ಆ ಆಯ್ಕೆಯು ಯುಕ್ತವಾಗಿರಲಿ, ಅಯುಕ್ತವಾಗಿರಲಿ, ಅದರಲ್ಲಿ ಬಿಟ್ಟುಕೊಟ್ಟದ್ದು ಏನು, ಯಾರ ಕೂಲಿ ಎಂಬುದನ್ನು ನೋಡಿ ಒಪ್ಪಿಕೊಂಡಾಗ ಮಾತ್ರ ಅದು ಆಯ್ಕೆಯೆನಿಸುವದು. ಪರರ ಅನ್ನವನ್ನು ತ್ಯಾಗ ಮಾಡಿ ಅದನ್ನು ಕಾಲದ ಹೆಸರಿನಲ್ಲಿ ಬರೆಯುವದು ಯಜಮಾನನ ಲಕ್ಷಣವಲ್ಲ. ಕೈಗೆಲಸದವರನ್ನು ಹೊಗಳಿ ಮಾತ್ರ ಬಿಡುವದರಿಂದಲೂ ಅವರ ಒಲೆ ಉರಿಯದು.

ಬಾವುಟ ಹೊಲಿಯುವ ಆ ತಾಯಿಯ ಸಂದೇಹಕ್ಕೆ ಉತ್ತರವು ಇದರಲ್ಲಿಯೇ ಉಂಟು. ಯಂತ್ರವು ಬೇಗ ಮಾಡಿತೆಂಬ ಮಾತ್ರಕ್ಕೆ ಆಕೆಯ ವರ್ಷಗಳು ವ್ಯರ್ಥವಾಗಲಿಲ್ಲ. ಏಕೆಂದರೆ ಅವುಗಳನ್ನು ಕೊಟ್ಟವಳು ಆಕೆ, ಏನನ್ನು ಬಿಟ್ಟು ಕೊಟ್ಟೆನೆಂಬುದು ಆಕೆಗೆ ಗೊತ್ತು. ಹಾಗೆ ಗೊತ್ತಿದ್ದುದರಿಂದಲೇ ಮಗಳಿಗೆ ಸರಿಯಾದ ಪ್ರಶ್ನೆಯನ್ನು ಕೇಳಬಲ್ಲವಳಾದಳು. ಮಗಳು ಯಾವ ಊರಿನ ಗಾಡಿ ಹತ್ತಿದರೂ ಚಿಂತೆಯಿಲ್ಲ. ಮೊಬೈಲನ್ನು ಬದಿಗಿಟ್ಟು, ಬಿಡುವದು ಇದೆಂದು ಒಮ್ಮೆ ಬಾಯಿಬಿಟ್ಟು ಹೇಳಿದಳಾದರೆ, ಹಿಡಿಯುವದು ಯಾವದೆಂದು ಆಕೆಗೆ ಯಾರೂ ಹೇಳಬೇಕಾಗುವದಿಲ್ಲ. ಆ ಮೇಲೆ ಅರ್ಜಿಯನ್ನು ಯಂತ್ರವೇ ಬರೆದುಕೊಡಲಿ.